ತೆರೆ ಒಂದು, ಒಡೆಯರು ಇಬ್ಬರು

1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಸೆಲ್ ಕರ್ಶ್ ಎಂಬ ಎಂಜಿನಿಯರ್ ತಮ್ಮ ಮೂರು ತಿಂಗಳ ಮಗನ ಭಾವಚಿತ್ರವನ್ನು ಉರುಳೆಯೊಂದಕ್ಕೆ ಸುತ್ತಿ, ಅದನ್ನು ತಿರುಗಿಸುತ್ತ, ಬೆಳಕಿನ ಕಣ್ಣಿನಿಂದ ಚುಕ್ಕೆ ಚುಕ್ಕೆಯಾಗಿ ಓದಿಸಿ ಕಂಪ್ಯೂಟರಿಗೆ ಉಣಿಸಿದರು. ಉದ್ದಕ್ಕೆ 176 ಚುಕ್ಕೆ, ಅಗಲಕ್ಕೆ 176 ಚುಕ್ಕೆ. ಒಟ್ಟು ಮೂವತ್ತೊಂದು ಸಾವಿರಕ್ಕೆ ತುಸು ಕಡಿಮೆ. ಪ್ರತಿ ಚುಕ್ಕೆಯೂ ಒಂದೋ ಬಿಳಿ, ಇಲ್ಲವೇ ಕಪ್ಪು. ನಡುವಿನ ಬೂದು ಛಾಯೆ ಬೇಕೆಂದರೆ ಅದೇ ಚಿತ್ರವನ್ನು ಬೇರೆ ಬೇರೆ ಹದದಲ್ಲಿ ಮತ್ತೆ ಮತ್ತೆ ಓದಿಸಿ ಒಂದರ ಮೇಲೊಂದು ಕೂಡಿಸಬೇಕಿತ್ತು. ಹಾಗೆ ಓದಿಸಿದ ಮಗುವಿನ ಮುಖ ಪ್ರಯೋಗಾಲಯದ ಆಸಿಲೋಸ್ಕೋಪ್ ಎಂಬ ಅಳತೆಯ ಉಪಕರಣದ ಗಾಜಿನ ಮೇಲೆ ಮೂಡಿತು. ಕಂಪ್ಯೂಟರು ಕಂಡ ಮೊದಲ ಛಾಯಾಚಿತ್ರ ಅದು.

ಮರುವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಸಾರ್ವಜನಿಕರ ಭೇಟಿಯ ದಿನ. ಬಂದವರು ಗೋಡೆಯ ಮೇಲಿನ ಫಲಕಗಳನ್ನು ನೋಡಿ ಆಕಳಿಸುತ್ತಾರೆಂಬುದು ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಅವರಿಗೆ ಗೊತ್ತಿತ್ತು. ಅಣುಬಾಂಬಿನ ಯೋಜನೆಯಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಹೊಣೆ ಹೊತ್ತಿದ್ದ, ಮುಂದೆ ಅಣ್ವಸ್ತ್ರ ನಿಯಂತ್ರಣಕ್ಕಾಗಿ ದನಿಯೆತ್ತಿದ ಮನುಷ್ಯ ಅವರು. ಐದಂಗುಲದ ಆಸಿಲೋಸ್ಕೋಪ್ ಗಾಜಿನ ಮೇಲೆ ಅಡ್ಡಕ್ಕೊಂದು ಗೆರೆ, ನಡುವೆ ಬಲೆಯಾಗಿ ಇನ್ನೊಂದು ಪುಟ್ಟ ಗೆರೆ, ಅತ್ತಿತ್ತ ಹಾರುವ ಒಂದು ಬೆಳಕಿನ ಚುಕ್ಕೆ. ಇಬ್ಬರು ಗುಂಡಿ ಒತ್ತಿ ಟೆನಿಸ್ ಆಡಬಹುದಿತ್ತು. ಜನ ಸಾಲುಗಟ್ಟಿ ನಿಂತರು.

ಹೀಗೆ ಛಾಯಾಚಿತ್ರವೂ ಆಟವೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ, ಒಂದೇ ಜಾತಿಯ ಗಾಜಿನ ಮೇಲೆ ಕಾಲಿಟ್ಟವು. ಆದರೆ ಗಾಜಿನಿಂದ ಎರಡೂ ಕೇಳಿದ್ದು ಬೇರೆ ಬೇರೆ. ನಿಂತ ಚಿತ್ರಕ್ಕೆ ಬೇಕಾದದ್ದು ನಿಷ್ಠೆ, ಓಡುವ ಚಿತ್ರಕ್ಕೆ ಬೇಕಾದದ್ದು ಚುರುಕು. ಹಬ್ಬ, ಮದುವೆ, ಪ್ರವಾಸದ ಫೋಟೊಗಳನ್ನು ತಿದ್ದಲು, ರಜೆಯ ಸಂಜೆ ಒಂದೆರಡು ಆಟ ಆಡಲು ಲ್ಯಾಪ್‌ಟಾಪಿಗೆ ದೊಡ್ಡದೊಂದು ಹೊರ ಮಾನಿಟರ್ ಜೋಡಿಸಬೇಕೆಂದು ಇಂದು ಅಂಗಡಿಗೆ ಹೋದವರ ಮುಂದೆ ಹರ್ಟ್ಸ್, ಮಿಲಿಸೆಕೆಂಡ್, ಐಪಿಎಸ್, ಎಸ್‌ಆರ್‌ಜಿಬಿ ಎಂದು ಮಂತ್ರದಂತೆ ಉದುರುವ ಮಾತುಗಳು ಮಾರಾಟಗಾರನ ಸೃಷ್ಟಿಯಲ್ಲ. ಒಂದೊಂದೂ ಈ ಇಬ್ಬರು ಒಡೆಯರ ನಡುವಿನ ಹಳೆಯ ಜಗಳದ ಗುರುತು.

ಜಗಳ ಇಲ್ಲದ ಕಾಲವೂ ಒಂದಿತ್ತು. 1897ರಲ್ಲಿ ಜರ್ಮನ್ ವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್ ರೂಪಿಸಿದ ಕ್ಯಾಥೋಡ್ ಕಿರಣದ ಕೊಳವೆಯೇ ಹಳೆಯ ಟಿವಿಗಳ, ಮಾನಿಟರುಗಳ ಮೂಲಪುರುಷ. ಹಿಂದಿನಿಂದ ಹೊಮ್ಮುವ ಎಲೆಕ್ಟ್ರಾನ್ ಧಾರೆ ಗಾಜಿನ ಒಳಮೈಗೆ ಬಳಿದ ರಂಜಕದ ಪುಡಿಗೆ ಬಡಿಯುತ್ತದೆ, ಅಲ್ಲಿ ಬೆಳಕಿನ ಚುಕ್ಕೆ ಮಿಂಚಿ ಆರುತ್ತದೆ. ಮಿಂಚಿ ಆರುವ ಈ ಗುಣದಿಂದಲೇ ಓಡುವ ಚೆಂಡಿಗೆ ಬಾಲ ಬೆಳೆಯುತ್ತಿರಲಿಲ್ಲ. ಕೆಂಪು, ಹಸಿರು, ನೀಲಿ ಪುಡಿಗಳ ಬಣ್ಣ ಯಾವ ಕಡೆಯಿಂದ ನೋಡಿದರೂ ಒಂದೇ. 1968ರಲ್ಲಿ ಸೋನಿ ಹೊರತಂದ ಟ್ರಿನಿಟ್ರಾನ್ ಕೊಳವೆಯನ್ನು ಛಾಯಾಗ್ರಾಹಕರೂ ಆಟಗಾರರೂ ಮುಂದೆ ಒಟ್ಟಿಗೇ ಮೆಚ್ಚಿದರು. ತೂಕಕ್ಕೆ ಮೇಜು ಬಾಗುತ್ತಿತ್ತು, ಬಿಸಿಯೇರಿ ಬಣ್ಣ ನೆಲೆಗೊಳ್ಳಲು ಅರ್ಧ ಗಂಟೆ ಕಾಯಬೇಕಿತ್ತು, ವರ್ಷ ಕಳೆದಂತೆ ಮಂಕಾಗುತ್ತಿತ್ತು. ಆದರೂ ಎರಡೂ ಕೆಲಸಕ್ಕೆ ಒದಗುತ್ತಿತ್ತು.

ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಕಲೆ ಹುಟ್ಟಿದ್ದೂ ತೆರೆಯ ಕೊರತೆಯೊಂದರಿಂದಲೇ. 1987ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ನೋಲ್ ಅವರ ಬಳಿ ಇದ್ದ ಮ್ಯಾಕಿಂಟಾಷ್ ಪ್ಲಸ್ ಗಣಕದ ತೆರೆಗೆ ಅಪ್ಪಟ ಕಪ್ಪು ಮತ್ತು ಅಪ್ಪಟ ಬಿಳುಪು ಬಿಟ್ಟರೆ ಬೇರೇನೂ ಬಾರದು. ಅದರ ಮೇಲೆ ಬೂದು ಛಾಯೆಯ ಚಿತ್ರಗಳನ್ನು ಹೇಗಾದರೂ ತೋರಿಸಬೇಕೆಂದು ಅವರು ಬರೆದ ಚಿಕ್ಕ ಪ್ರೋಗ್ರಾಮೇ ಸೋದರ ಜಾನ್ ನೋಲ್ ಅವರ ಒತ್ತಾಸೆಯಿಂದ ಬೆಳೆದು, 1990ರಲ್ಲಿ ಅಡೋಬಿ ಕಂಪನಿಯ ಹೆಸರಿನಲ್ಲಿ ಫೋಟೊಶಾಪ್ ಆಗಿ ಹೊರಬಂತು.

ಫೋಟೊಶಾಪ್ ಮೇಜುಮೇಜಿಗೆ ಬಂದಂತೆ ಹೊಸ ತಕರಾರು ಎದ್ದಿತು. ಒಬ್ಬನ ತೆರೆಯಲ್ಲಿ ಗೋಧಿ ಬಣ್ಣದ ಮುಖ ಇನ್ನೊಬ್ಬನ ತೆರೆಯಲ್ಲಿ ಅರಿಸಿನ ಹಚ್ಚಿದಂತೆ, ಮುದ್ರಣಾಲಯದಿಂದ ಬಂದಾಗ ಇಟ್ಟಿಗೆಯಂತೆ. ಯಾರದು ಸರಿ? ಬಣ್ಣವನ್ನು ಅಂಕಿಗಳಲ್ಲಿ ಹಿಡಿಯುವ ಕೆಲಸ 1931ರಲ್ಲೇ ಆಗಿತ್ತು. ಅಂತರರಾಷ್ಟ್ರೀಯ ಬೆಳಕು ಆಯೋಗ ಆ ವರ್ಷ ಗೊತ್ತುಪಡಿಸಿದ 'ಪ್ರಮಾಣಿತ ವೀಕ್ಷಕ'ನ ಹಿಂದೆ ಇದ್ದದ್ದು ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಬೇರೆ ಬೇರೆಯಾಗಿ ಪರೀಕ್ಷಿಸಿದ ಒಟ್ಟು ಹದಿನೇಳು ಜನರ ಕಣ್ಣುಗಳು. ಜಗತ್ತಿನ ಎಲ್ಲ ಮಾನಿಟರುಗಳ ಬಣ್ಣದ ಲೆಕ್ಕ ಇಂದಿಗೂ ಆ ಹದಿನೇಳು ಜನರ ಬಳಿಗೆ ಹೋಗಿ ಮುಟ್ಟುತ್ತದೆ ಎಂಬುದು ಸೋಜಿಗವೇ.

ಆ ಭೂಪಟದ ಮೇಲೆ ಬೇಲಿ ಹಾಕಿದ್ದು 1996ರಲ್ಲಿ. ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಅಂದಿನ ಸಾಮಾನ್ಯ ಕೊಳವೆ ಮಾನಿಟರು ತೋರಿಸಬಲ್ಲ ಬಣ್ಣಗಳ ವ್ಯಾಪ್ತಿಯನ್ನೇ ಗಡಿಯಾಗಿಟ್ಟು ಎಸ್‌ಆರ್‌ಜಿಬಿ ಎಂಬ ಮಾನಕವನ್ನು ಮುಂದಿಟ್ಟವು. ಕೊಳವೆಯ ಬೆಳಕು ಏರಿಳಿಯುವ ವಕ್ರರೇಖೆಯೂ ಅದರಲ್ಲಿ ಸೇರಿತು. ಕೊಳವೆಗಳು ಗುಜರಿಗೆ ಹೋದವು, ಅವುಗಳ ಕಟ್ಟಳೆ ಮಾತ್ರ ಉಳಿಯಿತು. ಇಂದಿನ ತೆಳು ತೆರೆಗಳೆಲ್ಲ ಆ ರೇಖೆಯನ್ನು ಅನುಕರಿಸುತ್ತಲೇ ಇವೆ. ಎಸ್‌ಆರ್‌ಜಿಬಿಗಿಂತ ವಿಶಾಲವಾದ ಅಡೋಬಿ ಆರ್‌ಜಿಬಿ 1998ರಲ್ಲಿ ಬಂದದ್ದು ಬೇರೊಂದು ಮಾನಕದ ಅಂಕಿಗಳನ್ನು ದಾಖಲೆಯಿಂದ ತಪ್ಪಾಗಿ ಎತ್ತಿಕೊಂಡದ್ದರಿಂದ. ಬಳಕೆದಾರರು ಅದನ್ನೇ ಮೆಚ್ಚಿಕೊಂಡರು, ತಪ್ಪಿಗೆ ಹೊಸ ಹೆಸರು ಸಿಕ್ಕಿತು. ಮುದ್ರಣಕ್ಕೆ ಹೋಗುವ ಹಸಿರು, ತಿಳಿನೀಲಿಗಳಿಗೆ ಅದು ನಿಜಕ್ಕೂ ಅನುಕೂಲ.

ಅಷ್ಟರಲ್ಲಿ ಕೊಳವೆಯ ಜಾಗಕ್ಕೆ ದ್ರವಸ್ಫಟಿಕ ಬಂದಿತ್ತು. ಪೂರ್ತಿ ದ್ರವವೂ ಅಲ್ಲದ, ಪೂರ್ತಿ ಹರಳೂ ಅಲ್ಲದ ಈ ವಸ್ತುಸ್ಥಿತಿಯನ್ನು 1888ರಲ್ಲಿ ಮೊದಲು ಗಮನಿಸಿದವರು ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಚ್ ರೈನಿಟ್ಸರ್. ಅದರಿಂದ ತೆರೆ ಮಾಡಬಹುದೆಂದು 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್‌ಮಯರ್ ತೋರಿಸಿದರು. 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವುಲ್ಫ್‌ಗಾಂಗ್ ಹೆಲ್‌ಫ್ರಿಚ್ ಅಣುಗಳನ್ನು ತಿರುಪಿನ ಮೆಟ್ಟಿಲಿನಂತೆ ಜೋಡಿಸುವ ಬಗೆ ಕಂಡುಕೊಂಡರು. ಟಿಎನ್ ಎಂದು ಕರೆಯುವ ತೆರೆ ಇದೇ. ವಿದ್ಯುತ್ ಕೊಟ್ಟಾಗ ಅಣುಗಳು ಎದ್ದು ನಿಲ್ಲುತ್ತವೆ, ಹಿಂದಿನ ದೀಪದ ಬೆಳಕಿಗೆ ಬಾಗಿಲು ಮುಚ್ಚುತ್ತದೆ. ಅಗ್ಗ, ಹಗುರ. ಆದರೆ ಎದ್ದು ನಿಂತ ಅಣುಗಳು ನೇರ ನೋಡುವವನಿಗೆ ಒಂದು ತೋರಿಸುತ್ತವೆ, ಓರೆಯಿಂದ ನೋಡುವವನಿಗೆ ಇನ್ನೊಂದು. ತಲೆ ಸ್ವಲ್ಪ ತಗ್ಗಿಸಿದರೆ ಅದೇ ಮುಖ ಕಪ್ಪು, ಎತ್ತಿದರೆ ಬಿಳಿಚು. ಇಂಥ ತೆರೆಯ ಮುಂದೆ ಕುಳಿತು ಫೋಟೊ ತಿದ್ದುವುದೆಂದರೆ ಗಾಳಿಗೆ ಆಡುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ.

ಈ ಓರೆನೋಟದ ದೋಷಕ್ಕೆ ಸಿಕ್ಕ ಮದ್ದುಗಳಲ್ಲೊಂದರ ಬೇರು ಬೆಂಗಳೂರಿನಲ್ಲಿದೆ. ಸರ್ ಸಿ.ವಿ. ರಾಮನ್ ಅವರ ಸೋದರಳಿಯಂದಿರಲ್ಲಿ ಒಬ್ಬರಾದ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದು, ಅಲ್ಲಿ ದ್ರವಸ್ಫಟಿಕಗಳ ಅಧ್ಯಯನ ಆರಂಭಿಸಿದರು. 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ತೆರಳಿ ಅಲ್ಲೊಂದು ಪ್ರಯೋಗಾಲಯ ಕಟ್ಟಿದರು. ಆವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳೆಲ್ಲ ಕಡ್ಡಿಯಾಕಾರದವು. ತಟ್ಟೆಯಾಕಾರದ ಅಣುಗಳೂ ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ನಿಂತು ದ್ರವಸ್ಫಟಿಕವಾಗಬಲ್ಲವು ಎಂಬುದನ್ನು 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತೋರಿಸಿದರು. ಆ ಪ್ರಬಂಧ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. ಶುದ್ಧ ಕುತೂಹಲದ ಕೆಲಸ. ಮಾನಿಟರು ಅವರ ಮನಸ್ಸಿನಲ್ಲಿತ್ತೆಂದು ಹೇಳಲಾಗದು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪನಿ ತಟ್ಟೆ ಅಣುಗಳ ತೆಳುಪೊರೆಯೊಂದನ್ನು ತಯಾರಿಸಿ ಟಿಎನ್ ತೆರೆಗೆ ಅಂಟಿಸಿತು. ಕಡ್ಡಿ ಅಣುಗಳು ಓರೆಯಲ್ಲಿ ಮಾಡುತ್ತಿದ್ದ ಕಿತಾಪತಿಯನ್ನು ತಟ್ಟೆ ಅಣುಗಳು ಬಹುಮಟ್ಟಿಗೆ ತಿದ್ದಿದವು. ನೋಟದ ಕೋನ ಅಗಲವಾಯಿತು, ಪೊರೆ ಜಗತ್ತಿನ ಲಕ್ಷಾಂತರ ಮಾನಿಟರುಗಳ ಮೇಲೆ ಕುಳಿತಿತು. 2004ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಚಂದ್ರಶೇಖರ್ ಅವರ ಹೆಸರು ಇಲ್ಲಿನ ಕಂಪ್ಯೂಟರ್ ಬಳಕೆದಾರರಿಗೆ ಇನ್ನೂ ಅಷ್ಟಾಗಿ ಪರಿಚಯವಿಲ್ಲ.

ಇನ್ನೊಂದು ಮದ್ದು ಅಣುಗಳು ಎದ್ದು ನಿಲ್ಲುವುದನ್ನೇ ತಪ್ಪಿಸಿತು. ತೆರೆಗೆ ಸಮಾನಾಂತರವಾಗಿ, ಗಡಿಯಾರದ ಮುಳ್ಳಿನಂತೆ ಮಲಗಿದಲ್ಲೇ ಹೊರಳುವಂತೆ ಮಾಡಿದ ಐಪಿಎಸ್ ತೆರೆಯನ್ನು ಜಪಾನಿನ ಹಿಟಾಚಿ 1990ರ ದಶಕದ ನಡುಭಾಗದಲ್ಲಿ ಮಾರುಕಟ್ಟೆಗೆ ತಂದಿತು. ಬಣ್ಣ ಯಾವ ಕಡೆಯಿಂದಲೂ ಬಹುತೇಕ ಸ್ಥಿರ. ಛಾಯಾಗ್ರಾಹಕರು ನಿಟ್ಟುಸಿರು ಬಿಟ್ಟರು. ಆದರೆ ಅದರ ಅಣುಗಳು ನಿಧಾನಿಗಳು. ಓಡುವ ಆಕೃತಿಯ ಹಿಂದೆ ಮಸುಕಾದ ಬಾಲ. ಆಟಗಾರರು ಹಳೆಯ ಕೊಳವೆಗೇ ಜೋತುಬಿದ್ದರು, ಇಲ್ಲವೇ ಬಣ್ಣ ಹೇಗಾದರೂ ಇರಲಿ ಎಂದು ಟಿಎನ್ ಕಡೆ ಹೋದರು. ಜಗಳ ನಿಜವಾಗಿ ಮನೆ ಒಡೆದದ್ದು ಆಗ. ಸುಮಾರು ಹದಿನೈದು ವರ್ಷ ಎರಡೂ ಬೇಕೆಂದವನು ಎರಡು ಮಾನಿಟರು ಕೊಳ್ಳಬೇಕಿತ್ತು, ಇಲ್ಲವೇ ಒಂದನ್ನು ಬಿಡಬೇಕಿತ್ತು. ಇವೆರಡರ ನಡುವೆ ವಿಎ ಎಂಬ ಮೂರನೆಯ ಬಗೆ ಬಂತು. ಐಪಿಎಸ್‌ನಲ್ಲಿ ಬಿಳುಪು ಕಪ್ಪಿಗಿಂತ ಸುಮಾರು ಸಾವಿರ ಪಟ್ಟು ಬೆಳ್ಳಗಿದ್ದರೆ ವಿಎಯಲ್ಲಿ ಮೂರು ಸಾವಿರ ಪಟ್ಟು. ಸಿನಿಮಾ ನೋಡಲು ಸೊಗಸು. ಕತ್ತಲ ದೃಶ್ಯದಲ್ಲಿ ಏನಾದರೂ ಓಡಿದರೆ ಮಾತ್ರ ಮಸಿ ಬಳಿದಂತೆ ಕಾಣುತ್ತದೆ.

ರಾಜಿ ಆದದ್ದು ಕಳೆದ ದಶಕದಲ್ಲಿ. ಒಂದು ಕಡೆ ಐಪಿಎಸ್ ಅಣುಗಳು ಚುರುಕಾದವು. ಇನ್ನೊಂದು ಕಡೆ, ಕಂಪ್ಯೂಟರು ಚಿತ್ರ ಬರೆದು ಮುಗಿಸುವ ಮೊದಲೇ ಮಾನಿಟರು ಅದನ್ನು ಎಳೆದು ತೋರಿಸಿ ಚಿತ್ರ ಅಡ್ಡಕ್ಕೆ ಸೀಳಿದಂತೆ ಕಾಣುವ ಹಳೆಯ ಪೀಡೆಗೆ ಪರಿಹಾರ ಸಿಕ್ಕಿತು. ಚಿತ್ರ ಸಿದ್ಧವಾಗುವವರೆಗೆ ಮಾನಿಟರೇ ಕಾಯುವ ವ್ಯವಸ್ಥೆಯನ್ನು ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಎಂದು ಪ್ರಕಟಿಸಿತು. ಎಎಮ್‌ಡಿಯ ಫ್ರೀಸಿಂಕ್ 2015ರಲ್ಲಿ ಮಾನಿಟರುಗಳಲ್ಲಿ ಬಂತು. 60 ಹರ್ಟ್ಸ್ ತೆರೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ 144 ಹರ್ಟ್ಸ್ ತೆರೆ ಸುಮಾರು 7 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ. ಬಿಡುವಿನ ಆಟಕ್ಕೆ ಅದಕ್ಕಿಂತ ಮುಂದಿನ ಅಂಕಿಗಳು ಜಂಬಕ್ಕೆ ಮಾತ್ರ. ಪೆಟ್ಟಿಗೆಯ ಮೇಲಿನ 'ಒಂದು ಮಿಲಿಸೆಕೆಂಡ್' ಎಂಬ ಘೋಷಣೆಯೂ ಅಷ್ಟೇ: ಅಣುಗಳನ್ನು ಮಿತಿಮೀರಿ ಅಟ್ಟಿದಾಗ ಸಿಗುವ ಅಂಕಿ ಅದು, ಹಾಗೆ ಅಟ್ಟಿದರೆ ಓಡುವ ವಸ್ತುವಿನ ಸುತ್ತ ಬೆಳ್ಳನೆಯ ನೆರಳು ಹುಟ್ಟುತ್ತದೆ.

ಹಾಗಾದರೆ ಎರಡೂ ಬೇಕಾದವರು ಯಾರ ಕಡೆ ವಾಲಬೇಕು? ಚಿತ್ರದ ಕಡೆಗೇ. ಕಾರಣ ಸರಳ. ತೆರೆ ನಿಧಾನವಾದರೆ ಆಡುವವನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಬಣ್ಣ ಸುಳ್ಳಾದರೆ ತಿದ್ದುವವನಿಗೆ ಗೊತ್ತಾಗುವುದೇ ಇಲ್ಲ. ಕಣ್ಣು ಹೊಂದಿಕೊಂಡುಬಿಡುತ್ತದೆ. ತೆರೆ ನೀಲಿಯಾಗಿದ್ದರೆ ತಿದ್ದುವ ಕೈ ಹಳದಿ ಸುರಿಯುತ್ತದೆ. ಮದುವೆ ಆಲ್ಬಂ ಅಚ್ಚಾಗಿ ಬಂದ ಮೇಲೆ, ಅಜ್ಜಿಯ ಕಡೆಯ ಫೋಟೊಕ್ಕೆ ಚೌಕಟ್ಟು ಹಾಕಿದ ಮೇಲೆ, ಆ ಸುಳ್ಳು ಹೊರಬೀಳುತ್ತದೆ. ಆದ್ದರಿಂದ ಐಪಿಎಸ್ ತೆರೆ, ಎಸ್‌ಆರ್‌ಜಿಬಿ ವ್ಯಾಪ್ತಿ ಪೂರ್ತಿ, ಬಣ್ಣದ ತಪ್ಪನ್ನು ಅಳೆಯುವ ಡೆಲ್ಟಾ-ಇ ಅಂಕಿ ಎರಡರೊಳಗೆ: ಇವು ಮೊದಲು. ಗಾತ್ರ 27 ಅಂಗುಲವಾದರೆ ಚುಕ್ಕೆಗಳು 2560ಕ್ಕೆ 1440 ಇರಬೇಕು. ಅಂಗುಲಕ್ಕೆ ಸುಮಾರು 109 ಚುಕ್ಕೆ ಬಂದು ಚಿತ್ರ ಹದವಾಗಿ ಕಾಣುತ್ತದೆ. 4ಕೆ ತೆರೆ ಫೋಟೊಕ್ಕೆ ಇನ್ನೂ ಚೆಂದ ನಿಜ. ಆದರೆ 83 ಲಕ್ಷ ಚುಕ್ಕೆಗಳನ್ನು ಆಟದ ಓಟದಲ್ಲಿ ತುಂಬಿಸಬೇಕಾದ ಗ್ರಾಫಿಕ್ಸ್ ಕಾರ್ಡಿಗೆ 37 ಲಕ್ಷದ ಎರಡು ಪಟ್ಟಿಗೂ ಮೀರಿದ ಹೊರೆ. ಸಾಧಾರಣ ಲ್ಯಾಪ್‌ಟಾಪು ಅಲ್ಲಿ ಏದುಸಿರು ಬಿಡುತ್ತದೆ. ಮೇಲೆ 100ರಿಂದ 144 ಹರ್ಟ್ಸ್ ಸಿಕ್ಕರೆ ಆಟದ ಪಾಲೂ ಸಂದಿತು.

ಒಎಲ್‌ಇಡಿಯ ಮಾತು ಬೇರೆ. ಅದಕ್ಕೆ ಹಿಂದಿನ ದೀಪವೇ ಬೇಡ, ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುತ್ತದೆ. ಹಳೆಯ ಕೊಳವೆಯ ಚುರುಕು, ಅದಕ್ಕಿಂತ ಗಾಢವಾದ ಕಪ್ಪು ಎರಡೂ ಅದರಲ್ಲಿವೆ. 1987ರಲ್ಲಿ ಅದಕ್ಕೆ ಅಡಿಪಾಯ ಹಾಕಿದ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಕೊಡಕ್ ಕಂಪನಿಯ ನೌಕರರು. ಫಿಲ್ಮ್ ಸುರುಳಿ ಮಾರಿ ಬೆಳೆದ ಫ್ಯೂಜಿ, ಕೊಡಕ್ ಎರಡೂ ಕಂಪನಿಗಳು ಫಿಲ್ಮನ್ನು ಮೂಲೆಗೆ ತಳ್ಳಿದ ತೆರೆಗೇ ಹೀಗೆ ಕಾಣಿಕೆ ಕೊಟ್ಟವು. 2022ರಿಂದೀಚೆಗೆ ಒಎಲ್‌ಇಡಿ ಮಾನಿಟರುಗಳು ಮೇಜಿಗೆ ಬಂದಿವೆ. ಬೆಲೆ ಹೆಚ್ಚು. ಫೋಟೊಶಾಪಿನ ಪಟ್ಟಿಗಳಂತೆ ಗಂಟೆಗಟ್ಟಲೆ ಕದಲದೆ ಕುಳಿತ ಆಕೃತಿಗಳು ಕಾಲಕ್ರಮದಲ್ಲಿ ಅದರ ಮೇಲೆ ಅಚ್ಚೊತ್ತಿಬಿಡುವ ಭಯವೂ ಇದೆ. ಆಟವೇ ಮುಖ್ಯವಾದವರಿಗೆ ಅದು ಒಪ್ಪಿಗೆ, ದಿನವಿಡೀ ತಿದ್ದುವವರಿಗೆ ಅಷ್ಟಾಗಿ ಅಲ್ಲ.

ಕೊಂಡದ್ದನ್ನು ಹದಗೊಳಿಸದಿದ್ದರೆ ಇಷ್ಟೆಲ್ಲ ಆಯ್ಕೆಯೂ ವ್ಯರ್ಥ. ಅಂಗಡಿಯ ಝಗಮಗದಲ್ಲಿ ಎದ್ದು ಕಾಣಲೆಂದು ಮಾನಿಟರುಗಳನ್ನು ಕಣ್ಣು ಕುಕ್ಕುವ ಬೆಳಕಿಗೆ ಏರಿಸಿರುತ್ತಾರೆ. ಹಾಗೆಯೇ ಕುಳಿತು ತಿದ್ದಿದ ಫೋಟೊ ಕಾಗದದ ಮೇಲೆ ಕಪ್ಪಾಗಿ ಬರುವುದು ಬಹುಜನರ ಅನುಭವ, ಬೈಗುಳ ಮಾತ್ರ ಮುದ್ರಣಾಲಯದವನಿಗೆ. ಚದರ ಮೀಟರಿಗೆ 120 ಕ್ಯಾಂಡೆಲಾ ಆಸುಪಾಸಿಗೆ ಬೆಳಕನ್ನು ಇಳಿಸುವುದು, ಮೆನುವಿನಲ್ಲಿರುವ ಎಸ್‌ಆರ್‌ಜಿಬಿ ಸ್ಥಿತಿಗೆ ತಿರುಗಿಸುವುದು, ತೆರೆಗೆ ಎದುರಾಗಿ ಕಿಟಕಿ ಬಾರದಂತೆ ಕೂರುವುದು, ಸಾಧ್ಯವಿದ್ದರೆ ಬಣ್ಣ ಅಳೆಯುವ ಸಾಧನವೊಂದನ್ನು ಗೆಳೆಯರಿಂದಲಾದರೂ ತಂದು ಒಮ್ಮೆ ಸರಿಪಡಿಸಿಕೊಳ್ಳುವುದು ಮೊದಲ ದಿನದ ಕೆಲಸ. ಆಟದ ಪಾಲಿನದು ಒಂದೇ: 144 ಹರ್ಟ್ಸ್ ತೆರೆ ಕೊಂಡ ಮೇಲೂ ವಿಂಡೋಸ್ ಅದನ್ನು ಎಷ್ಟೋ ಸಲ 60ರಲ್ಲೇ ಓಡಿಸುತ್ತಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಅದನ್ನು ಕೈಯಾರೆ ಬದಲಿಸಬೇಕು. ಅಲ್ಲಿ 144 ಕಾಣಿಸದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಹಳೆಯ ಕೇಬಲನ್ನು.