ಚೆಲ್ಲಿ ಬಾಚಿಕೊಳ್ಳುವ ಅಂಗ

ಗಾಜಿನ ಭರಣಿಯಲ್ಲಿ ಉದ್ದಕ್ಕೆ ಸೀಳಿಟ್ಟಿರುವ ಮೂತ್ರಪಿಂಡವನ್ನು ರಕ್ತದ ಜರಡಿ ಎನ್ನುವುದು ರೂಢಿ. ಲೆಕ್ಕ ಅದನ್ನು ಪೂರ್ತಿ ಒಪ್ಪುವುದಿಲ್ಲ. ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರ್ ಆಸುಪಾಸು. ಮಿಕ್ಕಿದ್ದು ನೀರು, ಸಕ್ಕರೆ, ಉಪ್ಪಿನ ಸಮೇತ, ಸೋಸುವ ಸೂಕ್ಷ್ಮ ಘಟಕಗಳಾದ ನೆಫ್ರಾನ್‌ಗಳ ಕೊಳವೆಗಳಿಂದ ಮರಳಿ ರಕ್ತ ಸೇರುತ್ತದೆ. ಸೀಳಿನ ಒಳಭಾಗದಲ್ಲಿ ಕಾಣುವ ಗೆರೆಗೆರೆ ತ್ರಿಕೋನಗಳು ಅಂಥ ಕೊಳವೆಗಳ ಕಟ್ಟುಗಳೇ. ಹಾಗಾಗಿ ಇದರ ಮುಖ್ಯ ಕಸುಬು ಎಸೆಯುವುದಲ್ಲ, ಉಳಿಸಿಕೊಳ್ಳುವುದು. ಕೆಳಗಿನ ಮೂತ್ರನಾಳ, ಮೂತ್ರಕೋಶಗಳದ್ದು ಹೆಚ್ಚುಕಡಿಮೆ ಸಾಗಣೆ ಮತ್ತು ದಾಸ್ತಾನು.

ಎಲ್ಲವನ್ನೂ ಚೆಲ್ಲಿ ಮತ್ತೆ ಬಾಚಿಕೊಳ್ಳುವುದು ದಂಡದ ಕೆಲಸವಲ್ಲವೇ, ಕಸವನ್ನಷ್ಟೇ ಆರಿಸಿ ತೆಗೆಯಬಾರದಿತ್ತೇ ಎಂದು ಕೇಳಬಹುದು. ಖರ್ಚಂತೂ ನಿಜ: ದೇಹತೂಕದ ಶೇ. 1ರಷ್ಟೂ ಇಲ್ಲದ ಈ ಜೋಡಿಗೆ ಹೃದಯ ಹೊರದೂಡುವ ರಕ್ತದ ಸುಮಾರು ಐದನೇ ಒಂದು ಪಾಲು ಬೇಕು. ಆದರೆ ಆರಿಸಿ ಎಸೆಯಲು ಪ್ರತಿಯೊಂದು ಕಲ್ಮಶದ ಗುರುತೂ ಗೊತ್ತಿರಬೇಕಾಗುತ್ತದೆ. ಬೇಕಾದವುಗಳ ಪಟ್ಟಿಯೋ ಚಿಕ್ಕದು. ದೇಹ ಹಿಂದೆಂದೂ ಕಾಣದ ವಸ್ತುವೂ ಸೋಸಿ ಇಳಿದರೆ, ವಾಪಸು ಕರೆಯುವವರಿಲ್ಲದೆ ಬಹುಮಟ್ಟಿಗೆ ಹೊರಟುಹೋಗುತ್ತದೆ. ಆರಿಸಿ ದೂಡುವ ಕೆಲಸವೂ ಕೊಳವೆಗಳಿಗೆ ತಿಳಿದಿದೆಯೆನ್ನಿ. ಪೆನ್ಸಿಲಿನ್ ಹೆಚ್ಚಾಗಿ ಹೋಗುವುದು ಹಾಗೆಯೇ. ಬಾಚುವುದಕ್ಕೂ ಮಿತಿಯುಂಟು: ಸಕ್ಕರೆ ಕಾಯಿಲೆಯಲ್ಲಿ ರಕ್ತದ ಗ್ಲೂಕೋಸ್ ವಿಪರೀತ ಏರಿದಾಗ ಕೊಳವೆಗಳು ಸೋತು, ಮೂತ್ರಕ್ಕೆ ಸಿಹಿ ಇಳಿಯುತ್ತದೆ.