ಅಡಿಕೆಗೆ ಹೋದ ಮಾನ

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದು ನಮ್ಮಲ್ಲಿ ಗಾದೆ. ಅಮೆರಿಕದ 37ನೆಯ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ನರ ಚರಿತ್ರೆಯನ್ನು ಓದುವಾಗ ಈ ಗಾದೆ ನೆನಪಾಗದೆ ಇರದು. ಚೀನಾದ ಮುಚ್ಚಿದ ಬಾಗಿಲನ್ನು ತಟ್ಟಿ ತೆರೆಸಿದವರು ಅವರು. ರಷ್ಯದೊಡನೆ ಅಣ್ವಸ್ತ್ರಗಳಿಗೆ ಮಿತಿ ಹಾಕುವ ಒಪ್ಪಂದಕ್ಕೆ ಸಹಿ ಮಾಡಿದವರೂ ಅವರೇ. ಇಂಥ ಆನೆಗಳನ್ನು ಕಟ್ಟಿದ್ದ ಮನುಷ್ಯ, ವಾಟರ್‌ಗೇಟ್ ಎಂಬ ಕಟ್ಟಡದಲ್ಲಿ ನಡೆದ ಒಂದು ಕಳ್ಳಪ್ರವೇಶದ ದೆಸೆಯಿಂದ ಅಧಿಕಾರ ಬಿಟ್ಟು ಮನೆಗೆ ಹೋಗಬೇಕಾಯಿತು. ಅಮೆರಿಕದ ಇತಿಹಾಸದಲ್ಲಿ ರಾಜೀನಾಮೆ ಕೊಟ್ಟ ಅಧ್ಯಕ್ಷರು ಇವರೊಬ್ಬರೇ. ಆ ಏರಿಳಿತದ ವರ್ಷಗಳಲ್ಲಿ ಆ ದೇಶದ ಜನ ಯಾವುದನ್ನು ಮೆಚ್ಚಿದರು, ಯಾವುದನ್ನು ಮನ್ನಿಸಿದರು, ಯಾವುದನ್ನು ಮನ್ನಿಸಲಿಲ್ಲ ಎಂಬುದನ್ನು ಇಲ್ಲಿ ನೋಡೋಣ. ಆ ತೀರ್ಪಿನಲ್ಲಿ ಭಾರತೀಯರಾದ ನಾವು ಮೆಚ್ಚಬೇಕಾದ ಅಂಶವೂ ಉಂಟು, ನೊಂದುಕೊಳ್ಳಬೇಕಾದ ಅಂಶವೂ ಉಂಟು.

ನಿಕ್ಸನ್ನರಿಗೂ ಜನಾಭಿಪ್ರಾಯಕ್ಕೂ ಹಳೆಯ ನಂಟು. 1952ರಲ್ಲಿ ಅವರು ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದಾಗ, ಬೆಂಬಲಿಗರು ಅವರಿಗಾಗಿ ಕೂಡಿಸಿಟ್ಟಿದ್ದ ಸುಮಾರು 18,000 ಡಾಲರುಗಳ ನಿಧಿಯ ಸುದ್ದಿ ಬಯಲಾಗಿ ಗದ್ದಲವೆದ್ದಿತು. ಸ್ವಂತ ಪಕ್ಷದವರೇ ಅವರನ್ನು ಕೈಬಿಡುವ ಮಾತಾಡತೊಡಗಿದರು. ಸೆಪ್ಟೆಂಬರ್ 23ರಂದು ನಿಕ್ಸನ್ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು ಮನೆಯ ಸಾಲ, ಕಾರು, ಹೆಂಡತಿಯ ಸಾದಾ ಬಟ್ಟೆಯ ಕೋಟು ಎಲ್ಲದರ ಲೆಕ್ಕವನ್ನೂ ಒಪ್ಪಿಸಿದರು. ಕಾಣಿಕೆಯಾಗಿ ಬಂದ ಚೆಕರ್ಸ್ ಎಂಬ ನಾಯಿಮರಿಯನ್ನು ಮಕ್ಕಳು ಬಹಳ ಹಚ್ಚಿಕೊಂಡಿದ್ದಾರೆ, ಅದನ್ನು ಮಾತ್ರ ಹಿಂದಿರುಗಿಸುವುದಿಲ್ಲ ಎಂದರು. ಬುದ್ಧಿವಂತರನೇಕರು ನಕ್ಕರು, ಆದರೆ ಸಾಮಾನ್ಯ ಜನರಿಂದ ತಂತಿಗಳ ಮಳೆಯೇ ಸುರಿಯಿತು, ಬಹುಪಾಲು ಅವರ ಪರವಾಗಿ. ಪತ್ರಿಕೆಗಳನ್ನು ಬದಿಗಿಟ್ಟು ಜನರೊಡನೆ ನೇರವಾಗಿ ಮಾತಾಡಿದರೆ ಗೆಲ್ಲಬಹುದೆಂಬ ಪಾಠವನ್ನು ಅವರು ಅಂದು ಕಲಿತರು. ಮುಂದೆ ಅದೇ ಪಾಠ ಅವರಿಗೆ ಮುಳುವಾಯಿತು.

1968ರ ಚುನಾವಣೆಯಲ್ಲಿ ಗೆದ್ದು ಅವರು ಅಧ್ಯಕ್ಷರಾದಾಗ ವಿಯೆಟ್ನಾಂ ಯುದ್ಧ ದೇಶವನ್ನು ಇಬ್ಭಾಗ ಮಾಡಿತ್ತು. 1969ರ ಅಕ್ಟೋಬರ್ 15ರಂದು ಲಕ್ಷಾಂತರ ಜನ ಯುದ್ಧದ ವಿರುದ್ಧ ಬೀದಿಗಿಳಿದರು. ನವೆಂಬರ್ 3ರಂದು ನಿಕ್ಸನ್ ಮತ್ತೆ ಟೆಲಿವಿಷನ್ನಿನ ಮುಂದೆ ಕುಳಿತು, ಕೂಗಾಡದೆ ಇರುವ ‘ಮೌನ ಬಹುಮತ’ದ ಬೆಂಬಲವನ್ನು ಬೇಡಿದರು. ಶ್ವೇತಭವನಕ್ಕೆ ತಂತಿಗಳು ಮತ್ತೊಮ್ಮೆ ಮೂಟೆಗಟ್ಟಲೆ ಬಂದವು. ಅವುಗಳಲ್ಲಿ ಒಂದು ಪಾಲು ಅಧ್ಯಕ್ಷರ ಕಡೆಯವರೇ ಏರ್ಪಡಿಸಿದ್ದೆಂದು ಬಹುಕಾಲದ ಮೇಲೆ ತಿಳಿದುಬಂತು. ಹಾಗೆಂದು ಆ ಬೆಂಬಲವೆಲ್ಲ ಸುಳ್ಳೆನ್ನಲಾಗದು. 1970ರ ಏಪ್ರಿಲ್ 30ರಂದು ಅವರು ಕಾಂಬೋಡಿಯದೊಳಕ್ಕೆ ಸೈನ್ಯ ನುಗ್ಗಿಸಿದ ಸುದ್ದಿ ಹೇಳಿದರು. ಮೇ 4ರಂದು ಓಹಾಯೋದ ಕೆಂಟ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟನೆಯ ವೇಳೆ ರಕ್ಷಣಾದಳದವರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದರು. ಗ್ಯಾಲಪ್ ಸಂಸ್ಥೆ ಜನಮತ ವಿಚಾರಿಸಿದಾಗ ನೂರಕ್ಕೆ 58 ಮಂದಿ ತಪ್ಪು ವಿದ್ಯಾರ್ಥಿಗಳದೇ ಎಂದರು! ನಾಲ್ಕು ದಿನ ಕಳೆದು ನ್ಯೂಯಾರ್ಕಿನಲ್ಲಿ ಕಟ್ಟಡ ಕಾರ್ಮಿಕರು ತಲೆಗೆ ಗಟ್ಟಿ ಟೊಪ್ಪಿಗೆ ಹಾಕಿಕೊಂಡೇ ಬಂದು ಯುದ್ಧವಿರೋಧಿ ವಿದ್ಯಾರ್ಥಿಗಳನ್ನು ಹೊಡೆದರು. ಅಧ್ಯಕ್ಷರ ಯುದ್ಧನೀತಿಯನ್ನು ಒಪ್ಪುವ ಜನ ದಂಡಿಯಾಗಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದರ ಮೇಲೆ ಬಂತು ಚೀನಾದ ಸುದ್ದಿ. ಕಮ್ಯುನಿಸ್ಟರನ್ನು ಬೈದೇ ದೊಡ್ಡವರಾದ ನಿಕ್ಸನ್, ತಾವೇ ಪೀಕಿಂಗಿಗೆ ಹೋಗುವುದಾಗಿ 1971ರ ಜುಲೈ 15ರಂದು ಸಾರಿದಾಗ ಜಗತ್ತು ಬೆರಗಾಯಿತು. ಅವರ ಬಲಪಂಥೀಯ ಮಿತ್ರರು ಕೆರಳಿದರು. ಓಹಾಯೋದ ಜಾನ್ ಆಶ್‌ಬ್ರೂಕ್ ಪಕ್ಷದೊಳಗೇ ಅವರ ವಿರುದ್ಧ ಉಮೇದುವಾರರಾಗಿ ನಿಂತರು. ಆದರೆ ಜನ ಕಿವಿಗೊಡಲಿಲ್ಲ. 1972ರ ಫೆಬ್ರವರಿ 21ರಿಂದ 28ರವರೆಗೆ ನಡೆದ ಪ್ರವಾಸವನ್ನು ಮನೆಮನೆಯಲ್ಲೂ ಕುಳಿತು ನೋಡಿದರು. ಚೌ ಎನ್-ಲಾಯ್ ಅವರ ಕೈಕುಲುಕಿದ್ದನ್ನೂ ಮಹಾಗೋಡೆಯ ಮೇಲೆ ನಡೆದಾಡಿದ್ದನ್ನೂ ಕಂಡರು. ಚೀನಾ ಕಾಣಿಕೆಯಾಗಿ ಕಳಿಸಿದ ಎರಡು ಪಾಂಡಾಗಳನ್ನು ವಾಷಿಂಗ್ಟನ್ನಿನ ಮೃಗಾಲಯದಲ್ಲಿ ನೋಡಲು ಮೊದಲ ದಿನವೇ ಸುಮಾರು 20,000 ಮಂದಿ ಮುಗಿಬಿದ್ದರು. ಮೇ ತಿಂಗಳಲ್ಲಿ ಮಾಸ್ಕೋದ ಒಪ್ಪಂದವೂ ಆಯಿತು.

ಈ ಚೀನಾ ಯಾತ್ರೆಯ ದಾರಿ ಪಾಕಿಸ್ತಾನದ ಮೂಲಕ ಹಾದಿತ್ತು. ಮುಂಚಿತವಾಗಿ ಮಾತುಕತೆಗೆ ಹೊರಟ ಹೆನ್ರಿ ಕಿಸಿಂಜರ್ 1971ರ ಜುಲೈಯಲ್ಲಿ ಗುಟ್ಟಾಗಿ ವಿಮಾನ ಹತ್ತಿದ್ದು ಅಲ್ಲಿಂದಲೇ. ಯಾಹ್ಯಾಖಾನರ ಸೈನ್ಯ ಆ ಹೊತ್ತಿಗೆ ಪೂರ್ವ ಬಂಗಾಳದಲ್ಲಿ ಏನು ಮಾಡುತ್ತಿತ್ತೆಂಬುದು ವಾಷಿಂಗ್ಟನ್ನಿಗೆ ತಿಳಿಯದ್ದಲ್ಲ. ಢಾಕಾದಲ್ಲಿದ್ದ ಅಮೆರಿಕದ ರಾಯಭಾರ ಅಧಿಕಾರಿ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು ತಮ್ಮ ಸರ್ಕಾರದ ಮೌನವನ್ನು ಖಂಡಿಸಿ ಏಪ್ರಿಲ್ 6ರಂದೇ ತಂತಿ ಕಳಿಸಿದ್ದರು. ಅದಕ್ಕೆ ಸಿಕ್ಕ ಪ್ರತಿಫಲ ಬ್ಲಡ್ ಅವರ ವರ್ಗಾವಣೆ. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ನಮ್ಮ ದೇಶಕ್ಕೆ ಬಂದರು. ಡಿಸೆಂಬರಿನ ಯುದ್ಧದಲ್ಲಿ ಅಮೆರಿಕದ ‘ಎಂಟರ್‌ಪ್ರೈಸ್’ ಯುದ್ಧನೌಕೆ ಬಂಗಾಳ ಕೊಲ್ಲಿಯ ಕಡೆ ಬಂದದ್ದು ಸಂಘದ ಹಿರಿಯ ಸದಸ್ಯರಿಗೆ ಇನ್ನೂ ನೆನಪಿರಬಹುದು. ಅನಂತರ ಹುಟ್ಟಿದ ನಾವು ಅದನ್ನು ಅವರ ಬಾಯಿಂದಲೇ ಕೇಳಿ ಬೆಳೆದವರು.

ಅಮೆರಿಕದ ಜನ ಆಗ ಸುಮ್ಮನಿದ್ದರೇ? ಎಲ್ಲರೂ ಸುಮ್ಮನಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಬಾಲ್ಟಿಮೋರ್ ಬಂದರಿನಲ್ಲಿ ಕ್ವೇಕರ್ ಪಂಥದವರೂ ಅವರ ಗೆಳೆಯರೂ ಪುಟ್ಟ ದೋಣಿಗಳಲ್ಲಿ ಕುಳಿತು ‘ಪದ್ಮಾ’ ಎಂಬ ಪಾಕಿಸ್ತಾನಿ ಹಡಗನ್ನು ತಡೆಯಹೋಗಿ ಪೊಲೀಸರ ವಶವಾದರು. ಫಿಲಡೆಲ್ಫಿಯದ ಬಂದರು ಕಾರ್ಮಿಕರು ಮತ್ತೊಂದು ಹಡಗಿಗೆ ಸರಕು ತುಂಬಲು ಒಪ್ಪಲಿಲ್ಲ. ಆಗಸ್ಟ್ 1ರಂದು ಪಂಡಿತ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ಸಹಾಯಾರ್ಥ ಸಂಗೀತ ಸಭೆ ನಡೆಸಿದರು. ಸೆನೆಟರ್ ಎಡ್ವರ್ಡ್ ಕೆನೆಡಿ ನಿರಾಶ್ರಿತರ ಶಿಬಿರಗಳಿಗೆ ಬಂದು ಕಣ್ಣಾರೆ ಕಂಡು ಹೋಗಿ ದನಿಯೆತ್ತಿದರು. ಜಾಕ್ ಆಂಡರ್ಸನ್ ಎಂಬ ಪತ್ರಕರ್ತರು ಪಾಕಿಸ್ತಾನದ ಕಡೆ ವಾಲಿದ್ದ ಒಳಗಿನ ಕಾಗದಪತ್ರಗಳನ್ನೇ ಪ್ರಕಟಿಸಿ 1972ರ ಪುಲಿಟ್ಜರ್ ಬಹುಮಾನ ಪಡೆದರು. ಇಷ್ಟಾದರೂ ಇದು ಚುನಾವಣೆಯ ವಿಷಯವಾಗಲಿಲ್ಲ. 1972ರ ನವೆಂಬರ್ 7ರಂದು ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದರು. ಬಿದ್ದ ಮತಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಅವರಿಗೇ ಸಂದವು.

ಆ ಗೆಲುವಿಗೆ ಐದು ತಿಂಗಳ ಹಿಂದೆಯೇ, ಜೂನ್ 17ರಂದು, ವಾಟರ್‌ಗೇಟ್ ಕಟ್ಟಡದ ಕಾವಲುಗಾರ ಫ್ರಾಂಕ್ ವಿಲ್ಸ್ ಬಾಗಿಲಿನ ಚಿಲಕಕ್ಕೆ ಯಾರೋ ಅಂಟುಪಟ್ಟಿ ಹಚ್ಚಿದ್ದನ್ನು ಕಂಡು ಪೊಲೀಸರನ್ನು ಕರೆದಿದ್ದರು. ವಿರೋಧ ಪಕ್ಷದ ಕಚೇರಿಯಲ್ಲಿ ಐವರು ಸಿಕ್ಕಿಬಿದ್ದರು. ವಾಷಿಂಗ್ಟನ್ ಪೋಸ್ಟಿನ ವುಡ್‌ವರ್ಡ್ ಮತ್ತು ಬರ್ನ್‌ಸ್ಟೀನ್ ಬೆನ್ನುಹತ್ತಿ ಬರೆಯುತ್ತಿದ್ದರೂ, ಚುನಾವಣೆಗೆ ಮುನ್ನ ವಾಟರ್‌ಗೇಟಿನ ಹೆಸರು ಕೇಳಿದ್ದವರು ಸುಮಾರು ಅರ್ಧ ಜನ ಮಾತ್ರ. ಕೇಳಿದವರಲ್ಲೂ ಅನೇಕರಿಗೆ ಅದು ರಾಜಕೀಯದಲ್ಲಿ ದಿನವೂ ನಡೆಯುವ ಕಿತಾಪತಿ. 1973ರ ಜನವರಿಯಲ್ಲಿ ವಿಯೆಟ್ನಾಂ ಒಪ್ಪಂದವಾದಾಗ ನೂರಕ್ಕೆ 67 ಮಂದಿ ನಿಕ್ಸನ್ನರ ಆಡಳಿತವನ್ನು ಮೆಚ್ಚಿದ್ದರು.

ಜನರ ಮನಸ್ಸು ತಿರುಗಿದ್ದು ಭಾಷಣ ಕೇಳಿ ಅಲ್ಲ, ಸಾಕ್ಷ್ಯ ಕೇಳಿ. 1973ರ ಮೇ 17ರಿಂದ ಸೆನೆಟರ್ ಸ್ಯಾಮ್ ಎರ್ವಿನ್ನರ ಸಮಿತಿಯ ವಿಚಾರಣೆ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ನೂರಕ್ಕೆ 85 ಮನೆಗಳಲ್ಲಿ ಅದರ ಒಂದಲ್ಲ ಒಂದು ಭಾಗವನ್ನು ನೋಡಿದರಂತೆ. ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಅಧಿಕಾರಿ, ಅಧ್ಯಕ್ಷರ ಕೋಣೆಯಲ್ಲಿ ಆಡಿದ ಮಾತೆಲ್ಲ ಗುಟ್ಟಾಗಿ ಟೇಪಿನಲ್ಲಿ ದಾಖಲಾಗುತ್ತಿತ್ತು ಎಂದುಬಿಟ್ಟರು. ಅಲ್ಲಿಂದ ಜನರ ಪ್ರಶ್ನೆ ಸರಳವಾಯಿತು: ತಪ್ಪು ಮಾಡಿಲ್ಲವಾದರೆ ಟೇಪು ಕೊಡಲು ಏನಡ್ಡಿ?

ಅದನ್ನೇ ಕೇಳಿದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸರನ್ನು 1973ರ ಅಕ್ಟೋಬರ್ 20ರ ಶನಿವಾರ ರಾತ್ರಿ ನಿಕ್ಸನ್ ತೆಗೆಸಿಹಾಕಿದರು. ಹಾಗೆ ಮಾಡಲೊಪ್ಪದೆ ಅಟಾರ್ನಿ ಜನರಲ್ ರಿಚರ್ಡ್‌ಸನ್ ರಾಜೀನಾಮೆಯಿತ್ತರು. ಅವರ ಕೈಕೆಳಗಿನ ರಕಲ್‌ಸ್‌ಹೌಸರೂ ಹೊರನಡೆದರು. ನಿಕ್ಸನ್ನರ ಜೀವನದಲ್ಲಿ ಮೂರನೆಯ ಸಲ ತಂತಿಗಳ ಮಳೆ ಸುರಿಯಿತು, ಆದರೆ ಈ ಸಲ ಅವರ ವಿರುದ್ಧ. ಕೆಲವೇ ದಿನಗಳಲ್ಲಿ ಲಕ್ಷಾಂತರ ತಂತಿಗಳು ವಾಷಿಂಗ್ಟನ್ನಿಗೆ ಬಂದವು. ಅಧ್ಯಕ್ಷರ ಮೇಲೆ ದೋಷ ಹೊರಿಸಿ ಪದಚ್ಯುತಗೊಳಿಸುವ ಕ್ರಮಕ್ಕೆ ವಾಗ್ದಂಡನೆ ಎನ್ನುತ್ತಾರೆ. ಅದು ಬೇಕೆನ್ನುವವರು ಕಾರಿನ ಹಾರನ್ ಬಾರಿಸಿ ಎಂದು ಬರೆದ ಫಲಕಗಳು ಶ್ವೇತಭವನದ ಮುಂದೆ ಎದ್ದವು. ಹಗಲೂ ರಾತ್ರಿ ಹಾರನ್ನುಗಳ ಸದ್ದು. ತಾನು ಮೋಸಗಾರನಲ್ಲ ಎಂದು ಅಧ್ಯಕ್ಷರು ನವೆಂಬರ್ 17ರಂದು ಬಾಯಿಬಿಟ್ಟು ಹೇಳಬೇಕಾಗಿ ಬಂತು. ಅದೇ ತಿಂಗಳು ಒಂದು ಟೇಪಿನಲ್ಲಿ ಹದಿನೆಂಟೂವರೆ ನಿಮಿಷದ ಮಾತು ಅಳಿಸಿಹೋಗಿರುವುದು ಹೊರಬಿತ್ತು. ಕಾರ್ಯದರ್ಶಿ ರೋಸ್ ಮೇರಿ ವುಡ್ಸ್, ಕಾಲು ಯಂತ್ರದ ಪೆಡಲಿನ ಮೇಲಿದ್ದಂತೆಯೇ ಕೈ ಚಾಚಿ ಫೋನೆತ್ತಿದಾಗ ಸುಮಾರು ಐದು ನಿಮಿಷದಷ್ಟು ತಮ್ಮಿಂದ ಅಳಿಸಿರಬಹುದೆಂದು ವಿವರಿಸಿ, ಹಾಗೆಯೇ ಚಾಚಿ ತೋರಿಸಿದ ಛಾಯಾಚಿತ್ರ ಪತ್ರಿಕೆಗಳಲ್ಲಿ ಬಂತು. ಮೇಜಿನ ಮುಂದೆ ಕುಳಿತು ದಫ್ತರದ ಕೆಲಸ ಮಾಡುವ ನಮ್ಮಂಥವರಿಗೆ ಅದನ್ನು ನೋಡಿದರೆ ಇಂದಿಗೂ ನಗು ಬರುತ್ತದೆ. ಕಡತದಲ್ಲಿ ಹಾಳೆ ಕಾಣೆಯಾದರೆ ಮೊದಲು ಯಾರ ಮೇಲೆ ಅನುಮಾನ ಬರುತ್ತದೆಂದು ಬಲ್ಲ ಜನ ಎಲ್ಲ ದೇಶದಲ್ಲೂ ಇದ್ದಾರೆ.

1974ರ ಏಪ್ರಿಲ್ ಕೊನೆಯಲ್ಲಿ ನಿಕ್ಸನ್ ಟೇಪುಗಳ ಬರಹರೂಪವನ್ನು 1,200ಕ್ಕೂ ಹೆಚ್ಚು ಪುಟಗಳಲ್ಲಿ ಪ್ರಕಟಿಸಿದರು. ಬೈಗುಳವಿದ್ದ ಕಡೆಯೆಲ್ಲ ಅದನ್ನು ತೆಗೆದುಹಾಕಿದೆ ಎಂಬ ಸೂಚನೆ. ಜನ ಅದನ್ನು ಕೊಂಡು ಓದಿದರು. ಅವರ ಮನಸ್ಸು ಮುರಿದದ್ದು ಅಪರಾಧಕ್ಕಿಂತ ಆ ಮಾತಿನ ಧಾಟಿಗೆ. ಬಹುಕಾಲ ಅವರ ಪಕ್ಷವನ್ನೇ ಬೆಂಬಲಿಸಿದ್ದ ಷಿಕಾಗೋ ಟ್ರಿಬ್ಯೂನ್ ಪತ್ರಿಕೆ ಮೇ 9ರಂದು ಅವರು ಹೋಗಬೇಕೆಂದು ಬರೆಯಿತು.

ಆಗ ನಿಕ್ಸನ್ ತಮ್ಮ ಆನೆಗಳನ್ನು ಹೊರತಂದರು. ಜೂನಿನಲ್ಲಿ ಈಜಿಪ್ಟಿಗೆ ಹೋದರು. ಕೈರೋದ ಬೀದಿಗಳಲ್ಲಿ ಭಾರಿ ಜನಸಂದಣಿ ಜಯಕಾರ ಹಾಕಿತು. ರಕ್ತನಾಳದ ಬೇನೆಯಿಂದ ಕಾಲು ಊದಿದ್ದರೂ ತೆರೆದ ವಾಹನದಲ್ಲಿ ನಿಂತು ಕೈಬೀಸಿದರು. ಅಲ್ಲಿಂದ ಬಂದವರೇ ಮಾಸ್ಕೋಗೆ ಹೊರಟರು. ರಬ್ಬಿ ಬರೂಕ್ ಕೋರ್ಫ್‌ರಂಥ ನಿಷ್ಠಾವಂತರು ಊರೂರು ತಿರುಗಿ ಅವರ ಪರ ಬೆಂಬಲ ಕೂಡಿಸುತ್ತಿದ್ದರು. ಇಂಥ ಕುಶಲ ರಾಜತಂತ್ರಜ್ಞನನ್ನು ಸಣ್ಣ ಕಳ್ಳತನಕ್ಕಾಗಿ ಕಳೆದುಕೊಳ್ಳಬೇಕೆ ಎಂಬುದು ಅವರ ವಾದ. ಕೇಳಿದರೆ ಒಪ್ಪುವಂತೆಯೇ ಇತ್ತು. ಆದರೆ ಮನೆಯಲ್ಲಿದ್ದ ಜನರ ಮನಸ್ಸು ಕರಗಲಿಲ್ಲ. ವಾಗ್ದಂಡನೆ ಮಾಡಿ ತೆಗೆಯಬೇಕೆನ್ನುವವರು 1973ರ ಜೂನಿನಲ್ಲಿ ನೂರಕ್ಕೆ 19 ಇದ್ದದ್ದು 1974ರ ಆಗಸ್ಟಿಗೆ 57ಕ್ಕೆ ಏರಿತು.

ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯ ಟೇಪುಗಳನ್ನು ಒಪ್ಪಿಸಬೇಕೆಂದು ಏಕಮತದಿಂದ ತೀರ್ಪಿತ್ತಿತು. ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ಜುಲೈ 27ರಿಂದ 30ರ ಒಳಗೆ ಮೂರು ಆರೋಪಗಳನ್ನು ಒಪ್ಪಿತು: ನ್ಯಾಯಕ್ಕೆ ಅಡ್ಡಿ, ಅಧಿಕಾರದ ದುರುಪಯೋಗ, ಸಂಸತ್ತಿನ ಆಜ್ಞೆಯ ತಿರಸ್ಕಾರ. ಆಗಸ್ಟ್ 5ರಂದು ಹೊರಬಂದ ಟೇಪಿನಲ್ಲಿ, ಕಳ್ಳಪ್ರವೇಶದ ಆರೇ ದಿನಗಳಲ್ಲಿ ತನಿಖೆ ತಡೆಯಲು ಅಧ್ಯಕ್ಷರೇ ಒಪ್ಪಿದ್ದು ಕೇಳಿಸಿತು. ಆಗಸ್ಟ್ 8ರ ರಾತ್ರಿ ಅವರು ರಾಜೀನಾಮೆ ಸಾರಿ, ಮರುದಿನ ಹೊರಟುಹೋದರು. ಬೆಂಬಲ ನೂರಕ್ಕೆ 24ಕ್ಕೆ ಇಳಿದಿತ್ತು. ಸೆಪ್ಟೆಂಬರ್ 8ರಂದು ಫೋರ್ಡ್ ಅವರಿಗೆ ಕ್ಷಮಾದಾನ ಕೊಟ್ಟಾಗ ಜನರ ಸಿಟ್ಟು ಫೋರ್ಡರ ಮೇಲೂ ತಿರುಗಿತು. 1976ರಲ್ಲಿ ಫೋರ್ಡ್ ಸೋತದ್ದಕ್ಕೆ ಅದೂ ಒಂದು ಕಾರಣ. ಬೇಲಿಯೇ ಎದ್ದು ಹೊಲ ಮೇಯ್ದಾಗ, ಬೇಲಿಯನ್ನು ನೆಟ್ಟವರೇ ಅದನ್ನು ಕಿತ್ತೆಸೆದರು. ಒಂದು ಗುಂಡೂ ಹಾರದೆ, ಸೈನ್ಯ ಬೀದಿಗಿಳಿಯದೆ, ಕಾನೂನಿನ ದಾರಿಯಲ್ಲೇ ಇದೆಲ್ಲ ನಡೆದದ್ದು ಮೆಚ್ಚತಕ್ಕ ಮಾತು.

ಇನ್ನು ನೊಂದುಕೊಳ್ಳುವ ಮಾತು. ಆ ಸಮಿತಿಯ ಮುಂದೆ ಇನ್ನೊಂದು ಆರೋಪವೂ ಇತ್ತು. 1969ರ ಮಾರ್ಚಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಂಬೋಡಿಯದ ಮೇಲೆ ಗುಟ್ಟಾಗಿ ಬಾಂಬು ಸುರಿಸಿ ಸಂಸತ್ತಿನಿಂದ ಮುಚ್ಚಿಟ್ಟದ್ದು. ಅದನ್ನು ಸಮಿತಿ 12ಕ್ಕೆದುರು 26 ಮತಗಳಿಂದ ತಳ್ಳಿಹಾಕಿತು. ಕಾಂಬೋಡಿಯದ ಬಾಂಬುದಾಳಿಯನ್ನು ಸಂಸತ್ತು 1973ರ ಆಗಸ್ಟ್ 15ಕ್ಕೆ ನಿಲ್ಲಿಸಿತ್ತು, ಯುದ್ಧ ಹೂಡುವ ಅಧ್ಯಕ್ಷರ ಅಧಿಕಾರಕ್ಕೆ ಅದೇ ವರ್ಷ ಕಡಿವಾಣದ ಕಾನೂನನ್ನೂ ಮಾಡಿತ್ತು, ನಿಜ. ಆದರೆ ದೋಷವೆಂದು ಹೊರಿಸಲು ಮನಸ್ಸು ಬರಲಿಲ್ಲ. ಪೂರ್ವ ಬಂಗಾಳದ ಹೆಸರಂತೂ ಆರೋಪಪಟ್ಟಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಆ ಕಾಲದ ಸಂಭಾಷಣೆಗಳ ದಾಖಲೆ 2005ರಲ್ಲಿ ಪ್ರಕಟವಾಗಿ, ಇಂದಿರಾ ಗಾಂಧಿಯವರನ್ನೂ ಭಾರತೀಯರನ್ನೂ ಕುರಿತು ಆಡಿದ ಹೀನ ಮಾತುಗಳು ತಿಳಿದಾಗ ಕಿಸಿಂಜರ್ ವಿಷಾದ ಸೂಚಿಸಿದರು. ನಿಕ್ಸನ್ 1994ರಲ್ಲೇ ತೀರಿಕೊಂಡಿದ್ದರು. ಅವರ ಅಂತ್ಯಕ್ರಿಯೆಗೆ ಕ್ಲಿಂಟನ್ ಸೇರಿ ಐವರು ಅಧ್ಯಕ್ಷರು ಬಂದಿದ್ದರು.

ತಮಗೆ ಸುಳ್ಳು ಹೇಳಿದವನನ್ನು ಅಮೆರಿಕದ ಜನ ಕ್ಷಮಿಸಲಿಲ್ಲ. ದೂರದ ಹಳ್ಳಿಗಳ ಮೇಲೆ ಬಿದ್ದ ಬಾಂಬನ್ನು ಅದೇ ತಕ್ಕಡಿಗೆ ಹಾಕಿ ತೂಗಲೂ ಇಲ್ಲ. ಇದನ್ನು ಅವರೊಬ್ಬರ ದೋಷವೆಂದು ಬರೆದು ಮುಗಿಸುವಂತಿಲ್ಲ. ಮತ ಹಾಕುವವನು ತನ್ನ ಮನೆಯ ಕಷ್ಟ ನೋಡಿ ಮತ ಹಾಕುತ್ತಾನೆ. ಗಡಿಯಾಚೆ ಅವನ ಸರ್ಕಾರ ಮಾಡಿದ್ದನ್ನು ಅನುಭವಿಸುವವರಿಗೆ ಅಲ್ಲಿ ಮತವಿಲ್ಲ. ಹಾಗಿರುವಾಗ ಬಾಲ್ಟಿಮೋರಿನಲ್ಲಿ ಪುಟ್ಟ ದೋಣಿಯೇರಿ ಹಡಗಿಗೆ ಎದುರಾದ ಆ ಬೆರಳೆಣಿಕೆಯ ಜನ ನಮಗೆ ದೊಡ್ಡವರಾಗಿ ಕಾಣುತ್ತಾರೆ. ಯಾರ ಮುಖವನ್ನೂ ಕಂಡಿರದ ಬಂಗಾಳಿಗಳ ಪರವಾಗಿ ತಮ್ಮ ಸರ್ಕಾರವನ್ನು ಪ್ರಶ್ನಿಸಿದವರು ಅವರು. ನಿಕ್ಸನ್ನರ ಕಾಲದ ಜನಾಭಿಪ್ರಾಯದ ಚರಿತ್ರೆ ಬರೆಯುವವರು 49 ರಾಜ್ಯಗಳ ಮತವನ್ನೂ ಲಕ್ಷಾಂತರ ತಂತಿಗಳನ್ನೂ ಎಣಿಸುವಾಗ ಆ ದೋಣಿಗಳನ್ನು ಎಣಿಸದೆ ಬಿಡಬಾರದೆಂದು ನಮ್ಮ ಅಭಿಪ್ರಾಯ.