ಕಡಲ ಚರಿತ್ರೆ, ಭಾಗ 3: ಎರಡು ದೈತ್ಯ ಶಾರ್ಕ್, ಒಂದೇ ಎಣ್ಣೆ

ಶಾರ್ಕ್ ಅಂದ ತಕ್ಷಣ ಹಲ್ಲು, ರಕ್ತ, ಸಿನಿಮಾ ಮ್ಯೂಸಿಕ್ ಅಷ್ಟೇ ನೆನಪಾಗುತ್ತಾ? ಹಾಗಾದ್ರೆ ಈ ಭಾಗ ನಿಮಗೇ.

ಜಗತ್ತಿನ ಅತಿ ದೊಡ್ಡ ಮೀನು ವೇಲ್ ಶಾರ್ಕ್, ಬೆಚ್ಚಗಿನ ಕಡಲಿನದು. ಎರಡನೇ ದೊಡ್ಡದು ಬಾಸ್ಕಿಂಗ್ ಶಾರ್ಕ್, ತಣ್ಣನೆಯ ಕಡಲಿನದು. ಇಷ್ಟು ದೊಡ್ಡ ದೇಹ ಇದ್ರೂ ತಿನ್ನೋದು ಮುಖ್ಯವಾಗಿ ಪ್ಲಾಂಕ್ಟನ್, ಅಂದ್ರೆ ನೀರಲ್ಲಿ ತೇಲೋ ಪುಟ್ಟ ಜೀವಿಗಳು. ನಮ್ಮ ತಂಟೆಗೆ ಬರಲ್ಲ. ಅವುಗಳ ಯಕೃತ್ತಿನ ಎಣ್ಣೆಗಾಗಿ ನಾವೇ ಬೆನ್ನು ಹತ್ತಿದ್ದು.

ಮೊದಲು ಐರ್ಲೆಂಡ್. ಅದರ ಪಶ್ಚಿಮ ಕರಾವಳಿಯ ಅಕಿಲ್ ದ್ವೀಪದಲ್ಲಿ ಕೀಮ್ ಅನ್ನೋ ಕೊಲ್ಲಿ ಇದೆ. ಬಾಸ್ಕಿಂಗ್ ಶಾರ್ಕ್‌ಗಳು ಅಲ್ಲಿಗೆ ಬಂದು, ಬಿಸಿಲು ಕಾಯಿಸ್ತಿವೆಯೇನೋ ಅನ್ನೋ ಹಾಗೆ ನೀರಿನ ಮೇಲ್ಮೈಯಲ್ಲೇ ನಿಧಾನಕ್ಕೆ ಈಜುತ್ತಿದ್ದವು. 1947ರಿಂದ ಅಲ್ಲಿ ಬಲೆ ಕಟ್ಟಿ, ಸಿಕ್ಕಿಬಿದ್ದವನ್ನು ಸಣ್ಣ ದೋಣಿಯಲ್ಲಿ ಹೋಗಿ ಭರ್ಜಿಯಿಂದ ಚುಚ್ಚಿ ಕೊಲ್ಲತೊಡಗಿದರು. 1950ರ ದಶಕದ ಆರಂಭದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಿಗ್ತಿದ್ದವು; ಕೊನೆಗೆ ನೂರೂ ಸಿಗಲಿಲ್ಲ. 1975ಕ್ಕೆ ಬೇಟೆ ನಿಂತಾಗ ಲೆಕ್ಕ 12,000 ದಾಟಿತ್ತು. ನಿಲ್ಲಿಸಿದ್ದು ಕಾನೂನಲ್ಲ, ಮೀನೇ ಖಾಲಿಯಾಗಿತ್ತು. ಯುರೋಪಿಯನ್ ಒಕ್ಕೂಟದ ನಿಷೇಧ ಆಮೇಲೆ ಬಂತು, ಆದರೆ ಐರ್ಲೆಂಡಿನ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿದ್ದು 2022ರಲ್ಲಿ. ಅಂದ್ರೆ 47 ವರ್ಷ ಆದ್ಮೇಲೆ!

ಈಗ ಗುಜರಾತಿನ ಸೌರಾಷ್ಟ್ರ ಕರಾವಳಿ. ಅಲ್ಲಿ ವೇಲ್ ಶಾರ್ಕ್ ಎಣ್ಣೆಯನ್ನು ಮರದ ದೋಣಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. 1990ರ ದಶಕದಲ್ಲಿ ಮಾಂಸ ರಫ್ತು ಶುರುವಾಗಿ ಬೇಟೆ ಜೋರಾಯ್ತು. ಕೊಕ್ಕೆಗೆ ಬ್ಯಾರೆಲ್ ಕಟ್ಟಿ ಮೀನನ್ನು ಸುಸ್ತು ಮಾಡಿ ಹಿಡಿಯುತ್ತಿದ್ದರಿಂದ ಅದಕ್ಕೆ ‘ಬ್ಯಾರೆಲ್’ ಅಂತಲೇ ಹೆಸರು ಬಿತ್ತು. ಮೈಕ್ ಪಾಂಡೆ ಅವರ ಸಾಕ್ಷ್ಯಚಿತ್ರ ಈ ಕೊಲೆಯನ್ನು ದೇಶಕ್ಕೆ ತೋರಿಸಿತು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿತು. ಹುಲಿಗೆ ಇರೋ ರಕ್ಷಣೆ, ಒಂದು ಮೀನಿಗೆ!

ಆದರೆ ನಡುಗಡಲಲ್ಲಿ ಕಾನೂನನ್ನು ಯಾರು ನೋಡ್ತಾರೆ? 2004ರಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಮೀನುಗಾರರಿಗೆ ಒಂದು ಹೋಲಿಕೆ ಕೊಟ್ಟರು: ಇದು ಹೆರಿಗೆಗೆ ತವರಿಗೆ ಬಂದ ಮಗಳು. ‘ಬ್ಯಾರೆಲ್’ ಹೋಗಿ ‘ವ್ಹಾಲಿ’ ಆಯ್ತು, ಅಂದ್ರೆ ಮುದ್ದಿನವಳು.

ಇವತ್ತು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಎರಡೂ ‘ಅಳಿವಿನಂಚಿನ’ ವರ್ಗದಲ್ಲೇ ಇವೆ: ವೇಲ್ ಶಾರ್ಕ್ 2016ರಿಂದ, ಬಾಸ್ಕಿಂಗ್ ಶಾರ್ಕ್ 2019ರಿಂದ. ಲೇಬಲ್ ಒಂದೇ, ಕಥೆ ಬೇರೆ. ನನಗೆ ಬಾಪು ಮಾತಿನಷ್ಟೇ ಮುಖ್ಯ ಅನ್ನಿಸೋದು ದುಡ್ಡಿನ ವಿಚಾರ. ಬಲೆಯೇ ಮೀನುಗಾರನ ಬಂಡವಾಳ. ಸಿಕ್ಕಿಬಿದ್ದ ವ್ಹಾಲಿಯನ್ನು ಬಿಡಿಸಲು ಅದನ್ನು ಕತ್ತರಿಸಿದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ. ಹೀಗೆ ನೂರಾರು ವೇಲ್ ಶಾರ್ಕ್‌ಗಳು ವಾಪಸ್ ಕಡಲಿಗೆ ಹೋಗಿವೆ.

#ಕಡಲಚರಿತ್ರೆ #ವ್ಹಾಲಿ